ಕೆಸರು ಬಿಡಬೇಕು, ಹಿಮ ಹಿಡಿಯಬೇಕು

ತಮ್ಮ ಫೋನ್ ಮಾಡಿದಾಗ ನಾನು ಸ್ಕ್ರೂಡ್ರೈವರ್ ಹಿಡಿದು ಜೀಪಿನ ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡ ಜಲ್ಲಿ ತೆಗೆಯುತ್ತಾ ಕೂತಿದ್ದೆ. ಭೂಮಿ ಹುಣ್ಣಿಮೆ ಮುಗಿದು ಎರಡು ದಿನ ಆಗಿತ್ತು. ಮಳೆ ಹಿಂದೆ ಸರಿದಿತ್ತು. ಕೊನೆ ಕೊಯ್ಲಿಗೆ ಆಳು ಸಿಗುತ್ತಾರೋ ಇಲ್ಲವೋ ಅನ್ನುವ ಚಿಂತೆ ಶುರುವಾಗಿತ್ತು. ತಮ್ಮ ಇರುವುದು ಕೆನಡಾದ ಕ್ಯಾಲ್ಗರಿಯಲ್ಲಿ.

"ಅಕ್ಕಾ, ಕಾರಿಗೆ ಆಲ್ ಟೆರೇನ್ ಟೈರ್ ಹಾಕಿಸ್ಲಾ? ಇನ್ನು ಸ್ವಲ್ಪ ದಿನದಲ್ಲಿ ಇಲ್ಲಿ ಸ್ನೋ ಶುರು."

"ಹಾಕ್ಸು ಮಾರಾಯ. ಅದ್ರಲ್ಲಿ ಕೇಳೋದು ಎಂತ?" ಅಂದೆ.

ಇದು ಎರಡು ವರ್ಷದ ಹಿಂದಿನ ಮಾತು. ಅಷ್ಟು ಸಲೀಸಾಗಿ ಹೇಳಬಾರದಿತ್ತು ಅಂತ ಈಗ ಅನ್ನಿಸುತ್ತದೆ. ಅವನು ಕೇಳಿದ್ದು ಹಿಮದ ಬಗ್ಗೆ. ನಾನು ಹೇಳಿದ್ದು ನಮ್ಮ ಕೆಸರಿನ ಅನುಭವದಿಂದ.

ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ, ಬಿದನೂರು ನಗರದ ಆಚೆ. ಇಲ್ಲಿಂದ ಹುಲಿಕಲ್ ದೂರವಿಲ್ಲ. ಆಗುಂಬೆಯಷ್ಟೇ ಜೋರಾಗಿ ಮಳೆ ಹೊಡೆಯುವ ಸೀಮೆ. ಡಾಂಬರು ರಸ್ತೆಯಿಂದ ಮನೆಗೆ ಬರುವ ದಾರಿ ಕೆಮ್ಮಣ್ಣಿನದು. ಆರಿದ್ರಾ ಮಳೆ ಹಿಡಿದರೆ ಆ ಏರಿನಲ್ಲಿ ನಡೆಯುವುದೇ ಕಷ್ಟ. ಅಪ್ಪನ ಹಳೇ ಜೀಪಿಗೆ 6.00-16 ಸೈಜಿನ ಟೈರ್ ಇತ್ತು. ಸೈಕಲ್ಲಿನದ್ದೇನೋ ಅನ್ನಿಸುವಷ್ಟು ಸಪೂರ. ಆದರೆ ಆ ಸಪೂರ ಟೈರು ಮೇಲಿನ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತಿತ್ತು. ಅದೂ ಸಾಲದಿದ್ದಾಗ ಅಪ್ಪ ಹಿಂದಿನ ಚಕ್ರಕ್ಕೆ ಚೈನ್ ಕಟ್ಟುತ್ತಿದ್ದರು. ಚಿಕ್ಕವರಿದ್ದಾಗ ಚೈನ್ ಹಿಡಿದು ನಿಲ್ಲುವುದು ನನ್ನ ಕೆಲಸ, ಟಾರ್ಚ್ ಹಿಡಿಯುವುದು ತಮ್ಮನ ಕೆಲಸ.

ಈಗ ನನ್ನ ಥಾರ್‌ಗೆ ಆಲ್ ಟೆರೇನ್ ಟೈರ್ ಇದೆ. ಕೊಳೆ ಔಷಧಿಗೆ ಮೈಲುತುತ್ತ, ಸುಣ್ಣ ಹೇರಿಕೊಂಡು ತೋಟದ ತುದಿಯವರೆಗೆ ಹೋಗುತ್ತೇನೆ. ಬಾಳೆಬರೆ ಘಾಟಿ ಇಳಿದು ಕುಂದಾಪುರಕ್ಕೆ ಹೋಗಿ ಬರುತ್ತೇನೆ. ಡಾಂಬರಿನಲ್ಲೂ ಸೈ, ಜಲ್ಲಿಯಲ್ಲೂ ಸೈ, ಸಾಧಾರಣ ಕೆಸರಿನಲ್ಲೂ ಸೈ. ಹಾಗಾಗಿ ಆ ಹೆಸರನ್ನು ನಾನು ಪೂರ್ತಿ ನಂಬಿದ್ದೆ. ಎಲ್ಲ ನೆಲಕ್ಕೂ ಅಂದರೆ ಹಿಮದ ನೆಲಕ್ಕೂ ಆಗಲೇಬೇಕು, ಅಲ್ವಾ?

ತಮ್ಮ ಟೈರ್ ಹಾಕಿಸಿದ. ಫೋಟೋ ಕಳಿಸಿದ. ಕಾರು ಸ್ವಲ್ಪ ನಮ್ಮೂರಿನ ಜೀಪಿನಂತೆ ಕಾಣುತ್ತಿತ್ತು. ಅವನಿಗೆ ಅದೇ ದೊಡ್ಡ ಖುಷಿ.

ಜನವರಿಯಲ್ಲಿ ಅವನ ಹೆಂಡತಿಯ ಹೆರಿಗೆ. ಬಾಣಂತನಕ್ಕೆ ಅಂತ ಅಮ್ಮ ಹೊರಟರು. ಒಬ್ಬರನ್ನೇ ಅಷ್ಟು ದೂರ ಕಳಿಸುವುದು ಬೇಡ ಅಂತ ಜೊತೆಗೆ ನಾನೂ ಹೋದೆ. ಆವರೆಗೆ ನಾನು ಹಿಮ ನೋಡಿರಲಿಲ್ಲ. ನಮಗೆ ಮಂಜು ಅಂದರೆ ಬೆಳಗ್ಗೆ ತೋಟದ ಮೇಲೆ ಕೂರುವ ಬಿಳಿ ಹೊಗೆ. ಬಿಸಿಲು ಬಂದರೆ ಹೋಯಿತು. ಅಲ್ಲಿಯದು ಹೋಗುವುದೇ ಇಲ್ಲ.

ಕ್ಯಾಲ್ಗರಿಯಲ್ಲಿ ಒಂದು ವಿಚಿತ್ರವಿದೆ. ನಡು ಚಳಿಗಾಲದಲ್ಲಿ ರಾಕಿ ಬೆಟ್ಟಗಳ ಕಡೆಯಿಂದ ಚಿನೂಕ್ ಅನ್ನುವ ಬೆಚ್ಚಗಿನ ಒಣಗಾಳಿ ಬೀಸುತ್ತದೆ. ಕೆಲವೇ ಗಂಟೆಯಲ್ಲಿ ಸೆಕೆ ಅನ್ನಿಸುವಷ್ಟು ಬದಲಾವಣೆ. ರಸ್ತೆ ಮೇಲಿನ ಹಿಮ ಕರಗಿ ನೀರಾಗಿ ಹರಿಯುತ್ತದೆ. ಗಾಳಿ ನಿಂತ ಮೇಲೆ ಅದೇ ನೀರು ಗಾಜಿನಂತೆ ಗಟ್ಟಿಯಾಗುತ್ತದೆ. ಅಂಥ ಒಂದು ಸಂಜೆ ನಾವು ಮಗುವನ್ನು ಡಾಕ್ಟರಿಗೆ ತೋರಿಸಿ ಮನೆಗೆ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಹನ್ನೆರಡು ದಿನದ ಕೂಸು, ಪಕ್ಕದಲ್ಲಿ ಅಮ್ಮ. ಸಣ್ಣ ಇಳಿಜಾರು, ಕೆಳಗೆ ನಾಲ್ಕು ರಸ್ತೆ ಸೇರುವ ಜಾಗ. ತಮ್ಮ ಬಹಳ ಮೊದಲೇ ಬ್ರೇಕ್ ಒತ್ತಿದ. ಬ್ರೇಕು ಟರ್ರ್ ಅಂತ ನಡುಗಿತು. ಕಾರು ನಿಲ್ಲಲಿಲ್ಲ. ಅವಸರವಿಲ್ಲದೆ, ನಡೆದುಕೊಂಡು ಹೋಗುವ ವೇಗದಲ್ಲಿ, ಜಾರುತ್ತಾ ಜಾರುತ್ತಾ ಕೂಡು ರಸ್ತೆಯ ನಡುವಿಗೆ ಹೋಗಿ ನಿಂತಿತು.

ಆ ಹೊತ್ತಿಗೆ ಯಾವ ಗಾಡಿಯೂ ಬರಲಿಲ್ಲ. ಅಮ್ಮನಿಗೆ ಏನಾಯಿತೆಂದು ಗೊತ್ತೂ ಆಗಲಿಲ್ಲ. ತಮ್ಮ ನನ್ನ ಮುಖ ನೋಡಿದ. ನಾನು ಮಾತಾಡಲಿಲ್ಲ. "ಹಾಕ್ಸು ಮಾರಾಯ" ಅಂದಿದ್ದು ನಾನೇ.

ಆ ಟೈರು ಯಾವ ಕಂಪನಿಯದು ಅಂತ ಇಲ್ಲಿ ಬರೆಯುವುದಿಲ್ಲ. ತಪ್ಪು ಅದರದ್ದಲ್ಲ. ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ.

ಮರುದಿನದಿಂದ ನನಗೆ ಟೈರಿನದ್ದೇ ಯೋಚನೆ. ಮಗು ಮಲಗಿದಾಗ ಓದಿದೆ. ತಮ್ಮನ ಜೊತೆ ಟೈರ್ ಅಂಗಡಿಗೆ ಹೋಗಿ ಕೇಳಿದೆ. ಭಾನುವಾರ ಬೆಳಗ್ಗೆ ಒಂದು ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ ನೋಡಿಯೇ ಬಿಟ್ಟೆವು. ತಮ್ಮನ ಸ್ನೇಹಿತರೊಬ್ಬರದು ಸಾಗರ. ಅವರ ಹತ್ತಿರವೂ ಅದೇ ಮಾಡೆಲ್ ಕಾರು. ಆದರೆ ಅವರು ಹಾಕಿಸಿದ್ದು ಚಳಿಗಾಲಕ್ಕೆಂದೇ ಮಾಡಿದ ವಿಂಟರ್ ಟೈರ್. ಒಂದು ಖಾಲಿ ಹಾಲಿನ ಕ್ಯಾನನ್ನು ಗುರುತಿಗೆ ಇಟ್ಟೆವು. ಎರಡೂ ಕಾರು ಒಂದೇ ವೇಗದಲ್ಲಿ ಬಂದು ಕ್ಯಾನಿನ ಹತ್ತಿರ ಬ್ರೇಕ್ ಹಾಕಬೇಕು.

ಹೊಸದಾಗಿ ಬಿದ್ದ ಹಿಮದಲ್ಲಿ ಹೊರಡುವಾಗ ಎರಡಕ್ಕೂ ಏನೂ ವ್ಯತ್ಯಾಸವಿರಲಿಲ್ಲ. ಹಿಮ ಆಳವಾಗಿ ಗುಡ್ಡೆ ಬಿದ್ದಿದ್ದ ಮೂಲೆಯಲ್ಲಂತೂ ತಮ್ಮನ ಕಾರು ಚೆನ್ನಾಗಿಯೇ ನುಗ್ಗಿತು. ಬ್ರೇಕಿನಲ್ಲಿ ವಿಂಟರ್ ಟೈರ್ ಸ್ವಲ್ಪ ಮೊದಲೇ ನಿಂತಿತು, ಅಷ್ಟೇ. ಆಮೇಲೆ ನೀರು ಹೆಪ್ಪುಗಟ್ಟಿ ಹೊಳೆಯುತ್ತಿದ್ದ ಕಡೆ ಹೋದೆವು. ಅಲ್ಲಿ ಉತ್ತರ ಸಿಕ್ಕಿತು. ವಿಂಟರ್ ಟೈರಿನ ಕಾರು ಜಾರಿದರೂ ಕಚ್ಚಿಕೊಂಡು ನಿಂತಿತು. ತಮ್ಮನ ಕಾರು ಅದನ್ನೂ ದಾಟಿ ಮುಂದೆ ಹೋಯಿತು. ಮೂರು ಸಲ ಮಾಡಿದೆವು. ಮೂರು ಸಲವೂ ಹಾಗೇ.

ಇಲ್ಲಿಂದ ಮುಂದೆ ನಾನು ಕಲಿತಿದ್ದನ್ನು ಹೇಳುತ್ತೇನೆ. ನಮ್ಮೂರ ಎಷ್ಟೋ ಮನೆಯ ಮಕ್ಕಳು ಈಗ ಹಿಮದ ಊರುಗಳಲ್ಲಿದ್ದಾರೆ. ಅವರೂ ಫೋನ್ ಮಾಡಿ ಕೇಳಬಹುದು.

ನಮ್ಮ ಕೆಸರಿನಲ್ಲಿ ಟೈರಿನ ಮೊದಲ ಕೆಲಸ ಕೆಸರನ್ನು ಬಿಡುವುದು. ಟೈರಿನ ಮೈಮೇಲೆ ಉಬ್ಬಿರುವ ರಬ್ಬರ್ ತುಂಡುಗಳ, ಅಂದರೆ ಬಟನ್‌ಗಳ ನಡುವೆ ಅಗಲವಾದ ಸಂದಿ ಇರುವುದು ಅದಕ್ಕೇ. ಚಕ್ರ ತಿರುಗಿದಂತೆ ಕೆಸರು ಸಿಡಿದು ಹೋಗಬೇಕು. ಹೋಗಲಿಲ್ಲ ಅಂದರೆ ಸಂದಿ ತುಂಬಿ ಟೈರು ಬೋಳಾಗುತ್ತದೆ. ಆಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಚಕ್ರ ಸುಮ್ನೆ ತಿರುಗುತ್ತದೆ. ಮಲೆನಾಡಿನಲ್ಲಿ ಗಾಡಿ ಓಡಿಸುವವರಿಗೆಲ್ಲ ಇದು ಗೊತ್ತು.

ಹಿಮದಲ್ಲಿ ಇದು ತಲೆಕೆಳಗು. ಅಲ್ಲಿ ಟೈರು ಹಿಮವನ್ನು ಹಿಡಿದಿಟ್ಟುಕೊಳ್ಳಬೇಕು. ಹಿಮವನ್ನು ಕೈಯಲ್ಲಿ ತೆಗೆದುಕೊಂಡು ಅದುಮಿದರೆ ಕಡುಬಿನ ಹಿಟ್ಟಿನಂತೆ ಉಂಡೆಯಾಗುತ್ತದೆ. ಆ ಉಂಡೆಯನ್ನು ನೆಲದ ಮೇಲೆ ಉರುಳಿಸಿದರೆ ಇನ್ನಷ್ಟು ಹಿಮ ಅದಕ್ಕೆ ಅಂಟುತ್ತದೆ. ಹಿಮಕ್ಕೆ ಹಿಮವೇ ಗಟ್ಟಿಯಾಗಿ ಅಂಟುವುದು. ಟೈರಿನ ಸಂದಿಯಲ್ಲಿ ಹಿಮ ತುಂಬಿ ಒತ್ತಿಕೊಂಡಾಗ ಅದು ರಸ್ತೆಯ ಹಿಮವನ್ನು ಹಿಡಿಯುತ್ತದೆ. ಗಾಡಿ ಮುಂದೆ ಹೋಗುವುದು ಆ ಹಿಡಿತದಿಂದ. ಓಡಿಸಿ ಬಂದ ವಿಂಟರ್ ಟೈರ್ ನೋಡಿದರೆ ಸಂದಿಗಳೆಲ್ಲ ಬೆಳ್ಳಗೆ ತುಂಬಿರುತ್ತವೆ. ನಮ್ಮ ಕಣ್ಣಿಗೆ ಅದು ಕೆಟ್ಟುಹೋದ ಟೈರಿನಂತೆ ಕಾಣುತ್ತದೆ. ಅಲ್ಲಿ ಅದೇ ಒಳ್ಳೆಯ ಗುರುತು. ನನಗೆ ಇದು ತಿಳಿದ ದಿನ ಎಷ್ಟು ಖುಷಿಯಾಯಿತು ಅಂದರೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಲ್ಲಿ ರಾತ್ರಿ, ಇಲ್ಲಿ ಬೆಳಗ್ಗೆ. ಅಪ್ಪ ಕಾಫಿ ಕುಡಿಯುತ್ತಾ ಪೂರ್ತಿ ಕೇಳಿ, "ಹೌದನಾ! ಹಂಗಾರೆ ಕೆಸರಿನ ಟೈರ್ ಅಲ್ಲಿಗೆ ಬರಲ್ಲ" ಅಂದರು.

ಇನ್ನೊಂದು ಸಂಗತಿ ಸೈಪ್. ಟೈರಿನ ಪ್ರತಿ ಬಟನ್ ಮೇಲೆ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳುಗಳು ಇರುತ್ತವಲ್ಲ, ಅವು. ಜಾನ್ ಸೈಪ್ ಎನ್ನುವವರಿಗೆ 1923ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಹೆಸರು ಬಂದಿದ್ದು ಅವರಿಂದಲೇ. ಬಟನ್ ನೆಲಕ್ಕೆ ಒತ್ತಿದಾಗ ಈ ಸೀಳುಗಳು ಬಾಯಿ ಬಿಡುತ್ತವೆ. ಒಂದೊಂದು ಅಂಚೂ ಹಿಮವನ್ನು ಗೀರಿ ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಅಪ್ಪ ಕತ್ತಿ ಹಿಡಿದು ಸಂಕದ ಅಡಿಕೆ ದಬ್ಬೆಗೆ ಕಚ್ಚು ಹಾಕುತ್ತಿದ್ದರು. ಹಾವಸೆ ಕಟ್ಟಿದರೂ ಕಾಲು ಜಾರಬಾರದು ಅಂತ. ಸೈಪ್ ಅಂದರೆ ಅದೇ ಕಚ್ಚು. ವಿಂಟರ್ ಟೈರಿನಲ್ಲಿ ಇವು ಒತ್ತೊತ್ತಾಗಿ ಇರುತ್ತವೆ. ಆಲ್ ಟೆರೇನ್‌ನಲ್ಲಿ ಕಡಿಮೆ. ಪೂರ್ತಿ ಕೆಸರಿಗೆಂದೇ ಬರುವ ಮಡ್ ಟೆರೇನ್ ಟೈರಿನಲ್ಲಿ ಇನ್ನೂ ಕಡಿಮೆ. ಹಾಗಾಗಿ ನೋಡಲು ಎಷ್ಟೇ ಗಡುಸಾಗಿದ್ದರೂ ಐಸಿನ ಮೇಲೆ ಮಡ್ ಟೆರೇನ್ ಬಹಳ ಅಪಾಯ.

ಮೂರನೆಯದು ಕಣ್ಣಿಗೆ ಕಾಣುವುದಿಲ್ಲ. ರಬ್ಬರಿನ ಪಾಕ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಹಾಗೆ ರಬ್ಬರೂ ಬಿರುಸಾಗುತ್ತದೆ. ಸಾಧಾರಣ ಬೇಸಿಗೆ ಟೈರಿನ ಹಿಡಿತ ಸುಮಾರು 7 ಡಿಗ್ರಿಗಿಂತ ಕೆಳಗೆ ಇಳಿಯುತ್ತಾ ಹೋಗುತ್ತದೆ ಅನ್ನುತ್ತಾರೆ. ವಿಂಟರ್ ಟೈರಿನ ಪಾಕ ಬೇರೆ. ಸೊನ್ನೆಯ ಕೆಳಗೆ ಇಪ್ಪತ್ತು ಡಿಗ್ರಿ ಆದರೂ ಅದು ಮೆತ್ತಗೇ ಇರುತ್ತದೆ. ಅದನ್ನೇ ತಂದು ನಮ್ಮ ಏಪ್ರಿಲ್ ಬಿಸಿಲಿಗೆ ಶಿವಮೊಗ್ಗ ರಸ್ತೆಯಲ್ಲಿ ಓಡಿಸಿದರೆ ಬೇಗ ಸವೆದು ಹೋಗುತ್ತದೆ. ಆಲ್ ಟೆರೇನ್ ರಬ್ಬರಿಗೆ ಬೇರೆಯೇ ಜವಾಬ್ದಾರಿ. ಚೂಪು ಕಲ್ಲು ತಾಗಿದರೆ ಹರಿಯಬಾರದು, ಜಲ್ಲಿಯಲ್ಲಿ ಬಟನ್ ಕಿತ್ತು ಬರಬಾರದು, ಜಾಸ್ತಿ ದೂರ ಬಾಳಬೇಕು. ಅಷ್ಟು ಗಟ್ಟಿತನ ಬೇಕು ಅಂದರೆ ಮೆತ್ತಗಿನ ಗುಣವನ್ನು ಸ್ವಲ್ಪ ಬಿಡಲೇಬೇಕು.

ಐಸು ಎಲ್ಲಕ್ಕಿಂತ ಹೆಚ್ಚು ಜಾರುವುದು ಅತಿ ಚಳಿಯಲ್ಲಿ ಅಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಆಗ ಐಸಿನ ಮೇಲೆ ನೀರಿನ ತೆಳು ಪೊರೆ ಇರುತ್ತದೆ. ಅಂಗಳದ ಕಲ್ಲಿನ ಮೇಲೆ ಹಾವಸೆ ಇದ್ದು, ಅದರ ಮೇಲೆ ಆಗಷ್ಟೇ ಹನಿ ಬಿದ್ದ ಹಾಗೆ. ಚಿನೂಕ್ ಗಾಳಿಯ ಸಂಜೆ ನಮಗೆ ಸಿಕ್ಕಿದ್ದು ಅದೇ. 1988ರಲ್ಲಿ ಜಪಾನಿನ ಬ್ರಿಜ್‌ಸ್ಟೋನ್ ಕಂಪನಿ ಬ್ಲಿಝಾಕ್ ಟೈರನ್ನು ತಂದಾಗ ಈ ಪೊರೆಗೇ ಉಪಾಯ ಹುಡುಕಿತ್ತು. ಅದರ ರಬ್ಬರಿನಲ್ಲೇ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ನೀರನ್ನು ಅವು ಹೀರಿಕೊಂಡು ರಬ್ಬರು ಐಸಿಗೆ ತಾಗುವಂತೆ ಮಾಡುತ್ತವೆ. ಅದಕ್ಕೂ ಮೊದಲು ಜಪಾನಿನಲ್ಲಿ ಟೈರಿಗೆ ಲೋಹದ ಮೊಳೆ ಹೊಡೆದು ಓಡಿಸುತ್ತಿದ್ದರು. ಆ ಮೊಳೆ ರಸ್ತೆಯನ್ನೇ ಕೆರೆದು ಧೂಳೆಬ್ಬಿಸಿ ಜನರಿಗೆ ತೊಂದರೆಯಾಯಿತು. 1990ರಲ್ಲಿ ಕಾನೂನು ಮಾಡಿ ಮೊಳೆ ಟೈರಿಗೆ ಕಡಿವಾಣ ಹಾಕಿದರು. ಫಿನ್ಲೆಂಡಿನವರ ಕಥೆ ಇನ್ನೂ ಹಳೆಯದು. ಈಗ ನೋಕಿಯನ್ ಎಂದು ಹೆಸರಾದ ಕಂಪನಿ 1934ರಲ್ಲೇ ಲಾರಿಗೆ ಚಳಿಗಾಲದ ಟೈರ್ ಮಾಡಿತ್ತು. 1936ರಲ್ಲಿ ಕಾರಿಗೆ ಹಕ್ಕಪೆಲಿಟ್ಟ ಬಂತು. ಆ ಹೆಸರಿನ ಟೈರು ಇವತ್ತಿಗೂ ಇದೆ.

ಹಾಗಾದರೆ ಆಲ್ ಟೆರೇನ್ ಹಿಮಕ್ಕೆ ಬೇಡವೇ ಬೇಡವಾ? ಹಾಗೂ ಅಲ್ಲ. ಎಲ್ಲ ಆಲ್ ಟೆರೇನ್‌ಗಳೂ ಒಂದೇ ಅಲ್ಲ ಅನ್ನುವುದನ್ನು ನೋಡಬೇಕು. ಟೈರಿನ ಪಕ್ಕೆಯಲ್ಲಿ ಎಂ ಪ್ಲಸ್ ಎಸ್ ಅಂತ ಬರೆದಿರುತ್ತದೆ. ಕೆಸರು ಮತ್ತು ಹಿಮ ಅಂತ ಅದರ ಅರ್ಥ. ನಮ್ಮೂರಿನ ಎಷ್ಟೋ ಟೈರಿನ ಮೇಲೂ ಇದೆ, ನಿಮ್ಮ ಗಾಡಿಯದನ್ನು ಒಮ್ಮೆ ನೋಡಿ. ಉತ್ತರ ಅಮೆರಿಕದಲ್ಲಿ ಆ ಬರಹಕ್ಕೆ ಹಿಮದ ಮೇಲೆ ಓಡಿಸಿ ನೋಡಿದ ಪರೀಕ್ಷೆಯ ಆಧಾರವಿಲ್ಲ. ಸಂದಿಗಳ ಆಕಾರ, ಅಳತೆ ಇಂತಿಷ್ಟು ಇದ್ದರೆ ಸಾಕು. ಅದನ್ನು ನಂಬಿ ಹಿಮಕ್ಕೆ ಇಳಿಯಬಾರದು.

ನೋಡಬೇಕಾದ ಗುರುತು ಬೇರೆ. ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. 1999ರಲ್ಲಿ ಅಮೆರಿಕ ಮತ್ತು ಕೆನಡಾದ ರಬ್ಬರ್ ಉದ್ಯಮದ ಸಂಘಗಳು ತಂದ ಗುರುತು ಇದು. ಇದಕ್ಕೆ ನಿಜವಾದ ಪರೀಕ್ಷೆ ಇದೆ. ಹದವಾಗಿ ಒತ್ತಿದ ಹಿಮದ ಮೇಲೆ ಒಂದು ಮಾದರಿ ಟೈರಿನ ಹಿಡಿತವನ್ನು 100 ಅಂತ ಇಟ್ಟುಕೊಂಡರೆ, ಹೊಸ ಟೈರು 110 ಆದರೂ ಪಡೆಯಬೇಕು. ಬಿಎಫ್‌ಗುಡ್‌ರಿಚ್‌ನ ಕೆಒ2, ಫಾಲ್ಕನ್ ವೈಲ್ಡ್‌ಪೀಕ್ ಎಟಿ3ಡಬ್ಲ್ಯೂ, ಟೊಯೊ ಓಪನ್ ಕಂಟ್ರಿ ಎಟಿ3, ನೋಕಿಯನ್ ಔಟ್‌ಪೋಸ್ಟ್ ಎಟಿ, ಇವೆಲ್ಲ ಆಲ್ ಟೆರೇನ್ ಆಗಿದ್ದೂ ಈ ಗುರುತು ಪಡೆದಿವೆ. ಇವುಗಳಲ್ಲಿ ಫಿನ್ಲೆಂಡಿನವರದ್ದು ನನಗೆ ಹೆಚ್ಚು ಇಷ್ಟವಾಯಿತು. ಹಿಮದಲ್ಲೇ ಹುಟ್ಟಿ ಬೆಳೆದವರು ಮಾಡಿದ ಟೈರು ಅನ್ನುವ ಒಂದು ನಂಬಿಕೆ. ಕೆಒ2 ಬಹಳ ಗಟ್ಟಿ. ಕಲ್ಲು, ಬಂಡೆಯ ದಾರಿಗೆ ಅದೇ ಸರಿ. ಆದರೆ ತಮ್ಮನದ್ದರಂಥ ಹಗುರದ ಕಾರಿಗೆ ಅಷ್ಟು ಬಿಗಿ ಪಕ್ಕೆ, ಅಷ್ಟು ತೂಕ ಬೇಕಿಲ್ಲ.

ಈ ಪರೀಕ್ಷೆಯ ಮಿತಿಯನ್ನೂ ಹೇಳಬೇಕು. ಆ 110 ಅಳೆಯುವುದು ಹಿಮದ ಮೇಲೆ ಚಕ್ರ ಎಷ್ಟು ಬಲವಾಗಿ ಗಾಡಿಯನ್ನು ಮುಂದೆ ಎಳೆಯುತ್ತದೆ ಅನ್ನುವುದನ್ನು. ಐಸಿನ ಮೇಲೆ ಎಷ್ಟರಲ್ಲಿ ನಿಲ್ಲುತ್ತದೆ ಅನ್ನುವುದನ್ನಲ್ಲ. ತಮ್ಮನ ಟೈರಿನ ಮೇಲೂ ಆ ಹಿಮದ ಹರಳು ಇತ್ತು. ಹೊಸ ಹಿಮದಲ್ಲಿ ಅದು ತನ್ನ ಮಾತು ಉಳಿಸಿಕೊಂಡಿತು. ಐಸಿನ ಬಗ್ಗೆ ಅದು ಮಾತು ಕೊಟ್ಟೇ ಇರಲಿಲ್ಲ.

ಫೋರ್ ವೀಲ್ ಡ್ರೈವ್ ಇದೆಯಲ್ಲ ಅಂತ ಧೈರ್ಯ ಮಾಡುವವರು ಜಾಸ್ತಿ. ನಾನೂ ಅದೇ ಧೈರ್ಯದಲ್ಲಿದ್ದೆ. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋದರೆ ಹೊರಡುವುದು ಸುಲಭ, ಏರು ಹತ್ತುವುದು ಸುಲಭ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ನಿಲ್ಲುವ ಹೊತ್ತಿಗೆ ಟೈರು ಮಾತ್ರ ಕೈ ಹಿಡಿಯುತ್ತದೆ. ಚೆನ್ನಾಗಿ ಹೊರಡುವ ಗಾಡಿ ಚೆನ್ನಾಗಿ ನಿಲ್ಲುತ್ತದೆ ಅಂತ ಮನಸ್ಸು ನಂಬಿಬಿಡುತ್ತದೆ. ಅದೇ ಭಯ.

ಕಾನೂನು ಊರಿಂದ ಊರಿಗೆ ಬೇರೆ. ಕ್ಯಾಲ್ಗರಿ ಇರುವ ಆಲ್ಬರ್ಟಾದಲ್ಲಿ ವಿಂಟರ್ ಟೈರ್ ಕಡ್ಡಾಯವಿಲ್ಲ. ಆದರೆ ಪಶ್ಚಿಮಕ್ಕೆ ಬೆಟ್ಟ ದಾಟಿ ಬ್ರಿಟಿಷ್ ಕೊಲಂಬಿಯಾಕ್ಕೆ ಹೋದರೆ ಹೆಚ್ಚಿನ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಚಳಿಗಾಲದ ಟೈರ್ ಬೇಕು. ಎಂ ಪ್ಲಸ್ ಎಸ್ ಆದರೂ ಒಪ್ಪುತ್ತಾರೆ, ಆದರೆ ಸಂದಿಯ ಆಳ 3.5 ಮಿಲಿಮೀಟರ್ ಆದರೂ ಉಳಿದಿರಬೇಕು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಅಲ್ಲಿ ಬೆಟ್ಟ ಮತ್ತು ಹರಳಿನ ಗುರುತೇ ಬೇಕು. ಇಲ್ಲ ಅಂದರೆ ಮೊಳೆ ಟೈರ್. ನಮ್ಮಲ್ಲಿ ಕಾರಿನ ಟೈರ್ 1.6 ಮಿಲಿಮೀಟರ್‌ವರೆಗೆ ಸವೆಯುವುದಕ್ಕೆ ಕಾನೂನು ಬಿಡುತ್ತದೆ. ಹಿಮಕ್ಕೆ ಅಷ್ಟು ಆಳ ಏನಕ್ಕೂ ಸಾಲದು.

ಗಾಳಿಯ ವಿಷಯ ಒಂದು ಮಾತು. ಉಷ್ಣಾಂಶ ಸುಮಾರು ಐದೂವರೆ ಡಿಗ್ರಿ ಇಳಿದರೆ ಟೈರಿನ ಗಾಳಿಯ ಒತ್ತಡ ಒಂದು ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ 10 ಡಿಗ್ರಿ ಇದ್ದಾಗ ಹೊಡೆಸಿದ ಗಾಳಿ, ಸೊನ್ನೆಯ ಕೆಳಗೆ 20 ಆದಾಗ ಸುಮಾರು ಐದು ಪಿಎಸ್‌ಐ ಕಡಿಮೆಯಾಗಿರುತ್ತದೆ. ಪಂಕ್ಚರ್ ಏನಿಲ್ಲ. ನೋಡಿ ತುಂಬಿಸಬೇಕು, ಅಷ್ಟೆ.

ಡಿಸೆಂಬರ್ ರಜೆಯಲ್ಲಿ ಗಾಡಿ ತೆಗೆದುಕೊಂಡು ಮನಾಲಿಗೆ ಹೊರಡುವವರು ನಮ್ಮ ಕಡೆಯೂ ಈಗ ಇದ್ದಾರೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಲಾಹೌಲ್ ಕಡೆಗೆ ದಾಟುವುದು ಸುಲಭವಾಗಿದೆ. ಸುರಂಗದ ಉದ್ದ 9.02 ಕಿಲೋಮೀಟರ್. ಒಳಗೆ ರಸ್ತೆ ಒಣಗಿರುತ್ತದೆ. ಆಚೆ ಬಾಯಿಯಲ್ಲಿ ಐಸು ಕಾಯುತ್ತಿರಬಹುದು. ಐದು ದಿನದ ಹಿಮಕ್ಕಾಗಿ ಶಿವಮೊಗ್ಗದಿಂದ ವಿಂಟರ್ ಟೈರ್ ಹಾಕಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಅಲ್ಲಿಯವರೆಗಿನ ಬಿಸಿಲು ರಸ್ತೆಯಲ್ಲೇ ಸುಮ್ನೆ ಸವೆಯುತ್ತದೆ. ಒಳ್ಳೆಯ ಆಲ್ ಟೆರೇನ್, ಜೊತೆಗೆ ಅಳತೆಗೆ ಸರಿಯಾದ ಚೈನ್. ಯೊಕೊಹಾಮದ ಜಿಯೊಲ್ಯಾಂಡರ್ ಎಟಿ ಜಿ015ರಂಥವು ನಮ್ಮಲ್ಲೂ ಸಿಗುತ್ತವೆ. ಆದರೆ ನೀವು ಕೊಳ್ಳುವ ಸೈಜಿನ ಪಕ್ಕೆಯಲ್ಲಿ ಬೆಟ್ಟದ ಗುರುತು ಇದೆಯೋ ಅಂತ ಕಣ್ಣಾರೆ ನೋಡಿ. ಚೈನ್ ಕಟ್ಟುವುದನ್ನು ಮನೆಯ ಅಂಗಳದಲ್ಲೇ ಎರಡು ಸಲ ಮಾಡಿ ಕಲಿಯಿರಿ. ಹಿಮದಲ್ಲಿ ಬೆರಳು ಮರಗಟ್ಟಿದ ಮೇಲೆ ಕಲಿಯಲು ಆಗುವುದಿಲ್ಲ. ಐಸು ಕಂಡರೆ ಅಲ್ಲಿನ ಟ್ಯಾಕ್ಸಿಯವರನ್ನು ಕೇಳಿ. ಅವರು ಬೇಡ ಅಂದರೆ ಬೇಡ.

ತಮ್ಮನದು ಐದು ದಿನದ ಮಾತಲ್ಲ. ಐದಾರು ತಿಂಗಳು ದಿನವೂ ಅದೇ ಇಳಿಜಾರು, ಅದೇ ಕೂಡು ರಸ್ತೆ, ಹಿಂದಿನ ಸೀಟಿನಲ್ಲಿ ಮಗು. ಹೊರಡುವ ಮುಂಚೆ ನಾನು ಅವನಿಗೆ ಹೇಳಿದೆ, "ನಾನು ಹೇಳಿದ್ದು ತಪ್ಪಾಯ್ತು ಕಣೋ. ಇದನ್ನ ಬೇಸಿಗೆಗೆ ಇಟ್ಕೊ. ಚಳಿಗೆ ಬೇರೆ ಸೆಟ್ ತಗೊ." ದುಡ್ಡು ಜಾಸ್ತಿ ಅಲ್ವಾ ಅಂದ. ಲೆಕ್ಕ ಹಾಕಿದೆವು. ಡಿಸ್ಕ್ ಸಮೇತ ಎರಡನೇ ಸೆಟ್ ತೆಗೆದುಕೊಂಡರೆ ಮೊದಲ ವರ್ಷ ಭಾರ, ನಿಜ. ಆದರೆ ಒಂದು ಓಡುವಾಗ ಇನ್ನೊಂದು ಗ್ಯಾರೇಜಿನಲ್ಲಿ ಮಲಗಿರುತ್ತದೆ. ಎರಡೂ ನಿಧಾನ ಸವೆಯುತ್ತವೆ.

ಈ ವರ್ಷ ಭೂಮಿ ಹುಣ್ಣಿಮೆಯ ಮಾರನೇ ದಿನ ಅವನು ಫೋಟೋ ಕಳಿಸಿದ. ಕಾರಿನಲ್ಲಿ ಒಂದು ಸೈಜು ಸಪೂರದ ವಿಂಟರ್ ಟೈರ್, ಅಪ್ಪನ ಜೀಪಿನ ಹಾಗೆ. ಗೋಡೆ ಪಕ್ಕ ಒಂದರ ಮೇಲೊಂದು ಇಟ್ಟ ಆಲ್ ಟೆರೇನ್ ಟೈರ್. ಬಿಚ್ಚಿದ ಜಾಗ ಮರೆಯಬಾರದು ಅಂತ ಚಾಕ್‌ಪೀಸಿನಲ್ಲಿ ಕನ್ನಡದಲ್ಲಿ ಬರೆದಿದ್ದ. ಮುಂದೆ ಎಡ, ಮುಂದೆ ಬಲ, ಹಿಂದೆ ಎಡ, ಹಿಂದೆ ಬಲ.

ಅಪ್ಪ ಕನ್ನಡಕ ಹಾಕಿಕೊಂಡು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. "ಡಿಕ್ಕೀಲಿ ಗೋಣಿಚೀಲ ಇಟ್ಕೊಂಡಿದಾನಾ ಕೇಳು" ಅಂದರು. ನಮ್ಮಲ್ಲಿ ಚಕ್ರ ಹೂತರೆ ಅಡಿಗೆ ಹಾಕುವುದು ಅದನ್ನೇ.

ಕೇಳಿದೆ. ಮರಳಿನ ಚೀಲ ಇದೆ, ಸಲಿಕೆ ಇದೆ, ಕಂಬಳಿ ಇದೆ ಅಂದ.

"ಕಂಬಳಿ ನಮ್ಮನೇದೇ ಅಕ್ಕಾ. ಅಮ್ಮ ಬಂದಾಗ ತಂದಿದ್ರಲ್ಲ, ಅದು."